ಲಗತ್ತಿಲ್ಲದ ಪತ್ರ

ಹನ್ನೊಂದು ಗಂಟೆಗೆ ವಿಚಾರಣೆ. ಒಂಬತ್ತೂವರೆಯೊಳಗೆ ಅವಳು ಚೀಲವನ್ನು ಮೂರು ಸಲ ತೆರೆದು ನೋಡಿಯಾಗಿತ್ತು. ನೀಲಿ ಫೈಲಿನೊಳಗೆ ಅಪ್ಪನ ಮರಣ ಪ್ರಮಾಣಪತ್ರ ಮೊದಲ ಸಲ ನೋಡಿದಾಗಲೂ ಇತ್ತು, ಮೂರನೇ ಸಲ ನೋಡಿದಾಗಲೂ ಇತ್ತು. ಕಾಗದಪತ್ರದ ವಿಷಯದಲ್ಲಿ ಹೀಗೆ ಪರದಾಡುವುದು ಅವಳ ಸ್ವಭಾವವಲ್ಲ. ಐನೂರು ವರ್ಷ ಹಳೆಯ, ಬೆರಳಿನ ಬಿಸಿ ತಾಗಿದರೆ ಮುದುರಿಕೊಳ್ಳುವ ಚರ್ಮದ ಹಾಳೆಗಳನ್ನು ಮೂವತ್ತು ವರ್ಷದಿಂದ ಒಂದೂ ಹರಿಯದಂತೆ ತಿರುವಿದ ಕೈ ಅದು. ಈ ಒಂದು ಹಾಳೆ ಮಾತ್ರ ಆ ಕೈಯಿಂದ ಮತ್ತೆ ಮತ್ತೆ ಚೀಲ ತೆರೆಸುತ್ತಿತ್ತು. ಹನ್ನೊಂದು ದಿನದ ಹಿಂದೆ ಇದರದೊಂದು ಪ್ರತಿಯನ್ನು ಲಕೋಟೆಗೆ ಸೇರಿಸಿದ್ದರೆ ಇವತ್ತು ವಿಚಾರಣೆಯೇ ಇರುತ್ತಿರಲಿಲ್ಲ. ಅಮ್ಮನ ಮದುವೆ ಹೋದ ಶುಕ್ರವಾರವೇ ಮುಗಿದು, ಅಮ್ಮ ಈ ಹೊತ್ತಿಗೆ ಸಮುದ್ರ ತೀರದಲ್ಲಿ ಸೆರಗು ಬಿಗಿಮಾಡಿಕೊಂಡು ನಿಂತಿರುತ್ತಿದ್ದಳು.

ನಡೆದದ್ದು ಇಷ್ಟು. ಅಮ್ಮನಿಗೆ ಎಪ್ಪತ್ತಾರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಗಂಡ ತೀರಿಕೊಂಡು ಹದಿನೆಂಟು ವರ್ಷ. ಎರಡು ಬೀದಿ ಆಚೆ ಕನ್ನಡಕದ ಅಂಗಡಿ ಇಟ್ಟಿರುವ, ಅಮ್ಮ ಮಗಳಿಬ್ಬರೂ ‘ಕನ್ನಡಕದವರು’ ಎಂದೇ ಕರೆಯುವ, ಹೆಂಡತಿಯನ್ನು ಕಳೆದುಕೊಂಡ ಎಪ್ಪತ್ತಮೂರರ ಒಬ್ಬರನ್ನು ಮದುವೆಯಾಗುತ್ತೇನೆಂದು ಒಂದು ಭಾನುವಾರ ಬೀನ್ಸಿನ ನಾರು ತೆಗೆಯುತ್ತ ಹೇಳಿದಳು.

“ಈ ವಯಸ್ಸಲ್ಲಿ ಯಾಕಮ್ಮ?”

“ಇನ್ನೊಂದು ವಯಸ್ಸು ಯಾವಾಗ ಬರುತ್ತೆ ಅಂತ ಹೇಳು, ಕಾಯ್ತೀನಿ.”

“ಜನ ಏನಂತಾರೆ?”

“ಜನ ಅಂದ್ರೆ ಯಾರೇ? ನೀನು ತಾನೆ?”

ಮಗಳು ಆಗ ನಕ್ಕಿದ್ದಳು. ನಗಲೇಬೇಕಿತ್ತು. ಮಧ್ಯಯುಗದ ಚರ್ಚ್ ನ್ಯಾಯಾಲಯಗಳಲ್ಲಿ ಹೆಂಗಸರ ಒಪ್ಪಿಗೆ ಎನ್ನುವುದು ಅವಳ ಇಡೀ ಬದುಕಿನ ಕೆಲಸ. ಆ ಕಾನೂನಿನ ಪ್ರಕಾರ ಮದುವೆ ಎಂದರೆ ಗಂಡು ಹೆಣ್ಣಿನ ಒಪ್ಪಿಗೆ, ಅಷ್ಟೆ. ಅಪ್ಪ ಬೇಡ ಅಂದರೂ ನಿಲ್ಲುವುದಿಲ್ಲ, ಒಡೆಯ ಬೇಡ ಅಂದರೂ ನಿಲ್ಲುವುದಿಲ್ಲ. ವಿಧವೆಗಂತೂ ಯಾರ ಅಪ್ಪಣೆಯೂ ಬೇಕಿಲ್ಲ. ಪುಸ್ತಕದಲ್ಲಿ ಹಾಗೆ. ಕಟಕಟೆಯಲ್ಲಿ ಬೇರೆ. ಹೆದರಿಸಿ ಒಪ್ಪಿಸಿದ ಮದುವೆ ಮದುವೆಯಲ್ಲ ಎಂದು ಸಾಬೀತು ಮಾಡಬೇಕಾದರೆ ಆ ಹೆದರಿಕೆ ಸ್ಥಿರಚಿತ್ತನಾದ ಗಂಡಸನ್ನೂ ಅಲುಗಿಸುವಷ್ಟು ದೊಡ್ಡದಿರಬೇಕು ಎಂಬ ನಿಯಮವಿತ್ತು. ಹದಿನಾಲ್ಕು ವರ್ಷದ ಹುಡುಗಿಯ ನಡುಕವನ್ನು ನಲವತ್ತರ ಗಂಡಸಿನ ಅಳತೆಗೋಲಿನಿಂದ ಅಳೆದರು. ಆ ಅಳತೆಗೋಲು ಯಾವಾಗ, ಯಾವ ಊರಿನ ಯಾವ ನ್ಯಾಯಾಧೀಶನ ಕೈಯಲ್ಲಿ, ಎಷ್ಟು ಬಾಗಿತು ಎಂದು ಮುನ್ನೂರ ಹನ್ನೆರಡು ಮೊಕದ್ದಮೆ ಓದಿ ಅವಳು ಬರೆದಿದ್ದಳು. ದೊಡ್ಡ ಹೆಸರೇನೂ ಬರಲಿಲ್ಲ. ಆದರೆ ಆ ವಿಷಯ ಓದುವವರು ಎಲ್ಲಿದ್ದರೂ ಅವಳ ಪುಸ್ತಕ ದಾಟಿಕೊಂಡು ಹೋಗುವ ಹಾಗಿರಲಿಲ್ಲ. ಅಂಥವಳು ಸ್ವಂತ ಅಮ್ಮನ ಮುಂದೆ ನಗದೆ ಇನ್ನೇನು ಮಾಡಿಯಾಳು. ನಕ್ಕಳು, ಬೀನ್ಸಿನ ಇನ್ನೊಂದು ಹಿಡಿ ತನ್ನ ಕಡೆ ಎಳೆದುಕೊಂಡಳು, ಅವತ್ತು ತೆಗೆದ ನಾರಿನ ಜೊತೆ ಅರ್ಧ ಬೀನ್ಸೂ ಕಸಕ್ಕೆ ಹೋಯಿತು.

ಮದುವೆಯ ನೋಟಿಸು ನೋಂದಣಿ ಕಚೇರಿಯ ಹಲಗೆಯ ಮೇಲೆ ಮೂರು ವಾರ ಇರಬೇಕು. ಹಿಂದೆ ಚರ್ಚಿನಲ್ಲಿ ಮೂರು ಸಲ ಸಾರಿ, ಅಡ್ಡಿ ಗೊತ್ತಿದ್ದವರು ಈಗಲೇ ಹೇಳಿ ಎನ್ನುತ್ತಿದ್ದರಲ್ಲ, ಅದರದೇ ಮೊಮ್ಮಗು ಇದು. ಆ ಕುತೂಹಲಕ್ಕೇ ತಾನು ನೋಡಲು ಹೋದದ್ದು ಎಂದು ಇವತ್ತು ವಿಚಾರಣೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಮತ್ತೆ ತನಗೇ ಹೇಳಿಕೊಂಡಳು. ಹೇಳಿಕೊಂಡದ್ದು ಅರ್ಧ ನಿಜ. ಗಾಜಿನ ಹಿಂದೆ ಎರಡು ಪಿನ್ನು ಚುಚ್ಚಿದ ಹಾಳೆ. ಓದಿದಳು, ಅಭ್ಯಾಸದಂತೆ ಮೇಲಿನಿಂದ ಕೆಳಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ. ಅಪ್ಪನ ಮರಣದ ಇಸವಿ ತಪ್ಪಾಗಿತ್ತು. ಅಮ್ಮ ಅಪ್ಪನನ್ನು ಒಂದು ವರ್ಷ ಮೊದಲೇ ಸಾಯಿಸಿಬಿಟ್ಟಿದ್ದಳು. ಮಗಳಿಗೆ ಆಗ ಆದದ್ದು, ಒಪ್ಪಿಕೊಳ್ಳಲು ನಾಚಿಕೆಯಾದರೂ, ಸಂತೋಷ. ಬೇರೆಯವರ ಅಡಿಟಿಪ್ಪಣಿಯಲ್ಲಿ ತಪ್ಪು ಸಿಕ್ಕಿದಾಗ ಆಗುವಂಥ ಸಣ್ಣ, ಚುರುಕಾದ ಸಂತೋಷ. ಮನೆಗೆ ಬಂದು ನಾಲ್ಕು ಸಾಲು ಬರೆದಳು: ಸದರಿ ನೋಟಿಸಿನಲ್ಲಿ ವಧುವಿನ ಮೊದಲ ಪತಿಯ ಮರಣದ ವರ್ಷ ತಪ್ಪಾಗಿ ನಮೂದಾಗಿದೆ, ದಾಖಲೆಯೊಂದಿಗೆ ಪರಿಶೀಲಿಸುವುದು ಸೂಕ್ತ. ಕೆಳಗೆ ಸಹಿ, ಹುದ್ದೆ, ವಿಭಾಗ. ದಾಖಲೆ ಅವಳ ಮೇಜಿನ ಎರಡನೇ ಡ್ರಾಯರಿನಲ್ಲೇ ಇತ್ತು, ಬರೆಯುವ ಕೈಗೆ ಒಂದು ಗೇಣು ದೂರ. ಆಧಾರ ಲಗತ್ತಿಸದ ಒಂದು ವಾಕ್ಯವನ್ನೂ ಯಾರಿಗೂ ಕಳಿಸದ ಹೆಂಗಸು ಅವತ್ತು ಲಕೋಟೆಯ ಬಾಯಿ ಅಂಟಿಸಿ ಅಂಚೆಗೆ ಹಾಕಿದಳು.

ನೋಟಿಸಿನ ಅವಧಿಯಲ್ಲಿ ಸಂಗತಿಗಳನ್ನು ಪ್ರಶ್ನಿಸಿ ಬಂದ ಯಾವುದೇ ಪತ್ರ ಆಕ್ಷೇಪಣೆ. ಹಾಗೆಂದು ನಿಯಮ. ಶುಕ್ರವಾರದ ಮದುವೆ ನಿಂತಿತು. ಇವತ್ತಿನ ವಿಚಾರಣೆಯಲ್ಲಿ ಆಕ್ಷೇಪಣೆ ಉಳಿದರೆ ಹೊಸ ನೋಟಿಸು, ಇನ್ನೂ ಮೂರು ವಾರ. ಬಿದ್ದರೆ ಅಲ್ಲೇ ನೋಂದಣಿ, ಮೂರು ಗಂಟೆಗೆ ಸಮುದ್ರದ ಕಡೆಗೆ ಹೋಗುವ ರೈಲು. ಆ ಟಿಕೆಟ್ಟನ್ನು ಒಂದು ಸಲ ರದ್ದು ಮಾಡಿಸಿ ಎರಡನೇ ಸಲ ತೆಗೆಸಿದ್ದರು. ಕಚೇರಿಯಿಂದ ಪತ್ರ ಬಂದ ದಿನ ಅಮ್ಮ ಅದನ್ನು ಓದಿ ಮಡಿಸಿ, “ನೀನು ಬರೆದಿದ್ದಾ?” ಎಂದಳು. “ಬರೀ ಇಸವಿ ತಪ್ಪಿತ್ತಮ್ಮ, ಸರಿಮಾಡಲಿ ಅಂತ.” “ಹೂಂ,” ಎಂದು ಅಮ್ಮ ಒಲೆ ಆರಿಸಿದಳು. ಬೈಯಲಿಲ್ಲ. ಇಡೀ ಊರಿನ ಜಗಳಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡೂ ಕೇಳದವಳಂತೆ ‘ಲೈನ್ ಕೊಟ್ಟಿದ್ದೀನಿ, ಮಾತಾಡಿ’ ಎನ್ನುತ್ತಿದ್ದವಳ ಹೂಂ ಅದು. ಆಮೇಲೆ ಇವತ್ತಿನವರೆಗೂ ಆ ವಿಷಯ ಎತ್ತಲಿಲ್ಲ.

ಬಸ್ಸಿನ ಕಿಟಕಿಯಿಂದ ಬಿಸಿಲು ಮೊಣಕಾಲಿನ ಮೇಲೆ ಬಿದ್ದು, ಹೋಗಿ, ಬಿದ್ದು ಹೋಗುತ್ತಿತ್ತು. ಅವಳಿಗೆ ತನ್ನ ಪುಸ್ತಕದ ಮೂರನೇ ಅಧ್ಯಾಯ ನೆನಪಾಯಿತು. ಅದರಲ್ಲಿ ಒಬ್ಬ ನೇಯ್ಗೆಯವಳು. ಗಂಡ ಹಡಗಿನಲ್ಲಿ ಸತ್ತು ಒಂಬತ್ತು ವರ್ಷವಾದ ಮೇಲೆ ಬಡಗಿಯೊಬ್ಬನನ್ನು ಕಟ್ಟಿಕೊಳ್ಳಲು ಹೊರಟಳು. ಎರಡನೇ ಭಾನುವಾರ ಚರ್ಚಿನಲ್ಲಿ ಸಾರಿದಾಗ ಅವಳ ಬೆಳೆದ ಮಗ ಎದ್ದು ನಿಂತು, ಅಪ್ಪ ಬದುಕಿದ್ದಾನೆ ಎಂದು ಕೇಳಿದ್ದೇನೆ ಅಂದ. ನ್ಯಾಯಾಲಯ ಕೇಳಿತು: ಯಾರಿಂದ ಕೇಳಿದೆ? ಜನರಿಂದ. ಯಾವ ಜನ? ಗೊತ್ತಿಲ್ಲ. ಯಾವಾಗ? ನೆನಪಿಲ್ಲ. ಇದನ್ನು ನೀನು ಮೊದಲು ಯಾರಿಗೆ ಹೇಳಿದೆ? ಈಗ ನಿಮಗೇ. ಆ ಮಗನನ್ನು ಅವಳು ಹನ್ನೊಂದು ಪುಟ ಹಿಂಡಿದ್ದಳು. ಮಮತೆ ಕಾನೂನಿನ ಅಂಗಿ ತೊಟ್ಟು ಬಂದಾಗ ಅದರ ಗುಂಡಿಗಳನ್ನು ಎಣಿಸಬೇಕು ಎಂದೆಲ್ಲ ಬರೆದಿದ್ದಳು. ಆ ವಾಕ್ಯವನ್ನು ವಿಮರ್ಶಕರು ಹೊಗಳಿದ್ದರು. ಕರಡನ್ನು ಅಡುಗೆಮನೆಯಲ್ಲಿ ಓದಿ ಹೇಳಿದಾಗ ಅಮ್ಮ ಮಾತ್ರ, “ಅಷ್ಟು ಬೈಬೇಡ್ವೆ. ಅವನಿಗೆ ಮನೇಲಿ ಬೇರೆ ಯಾರೂ ಇರಲಿಲ್ವೇನೋ,” ಅಂದಿದ್ದಳು. “ಅದಕ್ಕೆ ಆಧಾರ ಇಲ್ಲಮ್ಮ.” “ಆಧಾರ ಇಲ್ಲ ಅಂತ ಅವನು ಒಂಟಿಯಾಗಿರಬಾರದಾ?”

ಹೌದು, ಎಲ್ಲವನ್ನೂ ಅಮ್ಮನಿಗೇ ಮೊದಲು ಓದಿ ಹೇಳುತ್ತಿದ್ದದ್ದು. ಪತ್ರಾಗಾರದಿಂದ ಕಣ್ಣು ಕೆಂಪಾಗಿಸಿಕೊಂಡು ಬಂದ ಸಂಜೆಗಳಲ್ಲಿ, ಅಲ್ಲಿ ಪೆನ್ಸಿಲ್ ಬಿಟ್ಟು ಬೇರೇನೂ ಒಳಗೆ ಬಿಡುವುದಿಲ್ಲ ಎಂದು ಗೊಣಗುತ್ತ ಟಿಪ್ಪಣಿ ಪುಸ್ತಕ ತೆಗೆದರೆ, ಅಮ್ಮ ಕುರ್ಚಿ ಎಳೆದುಕೊಂಡು, “ಇವತ್ತು ಯಾರ ಮನೆ ಜಗಳ?” ಎನ್ನುತ್ತಿದ್ದಳು. ಬಾಗಿಲ ಹಿಂದೆ ನಿಂತು ಪ್ರೇಮಿಗಳ ಮಾತು ಕೇಳಿಸಿಕೊಂಡು ಬಂದು ಸಾಕ್ಷಿ ಹೇಳಿದ ಅಗಸಗಿತ್ತಿ. ಮದುವೆಯ ಮಾತಾದದ್ದು ಯಾವ ದಿನವೆಂದರೆ ‘ನನ್ನ ಮೂರನೇ ಕೂಸಿಗೆ ಹಲ್ಲು ಬಂದ ವಾರ’ ಎಂದ ಸೂಲಗಿತ್ತಿ. ಗಂಡ ಗಂಡಸೇ ಅಲ್ಲ ಎಂದು ದೂರು ಕೊಟ್ಟ ಹೆಂಡತಿಯ ಮೊಕದ್ದಮೆಯಲ್ಲಿ ಪರೀಕ್ಷೆಗೆಂದು ನ್ಯಾಯಾಲಯವೇ ನೇಮಿಸಿದ ಏಳು ಜನ ಮರ್ಯಾದಸ್ತ ಹೆಂಗಸರು, ಅವರು ಬಂದು ಒಂದೇ ದನಿಯಲ್ಲಿ ಕೊಟ್ಟ ವರದಿ. ಆ ಸಂಜೆ ಅಮ್ಮ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿಸಬೇಕಾಗಿತ್ತು. ಅಪ್ಪ ಹೊಡೆದು ಒಪ್ಪಿಸಿದ ಮದುವೆಯಿಂದ ಬಿಡಿಸಿಕೊಂಡ ಹುಡುಗಿಯ ಕತೆ ನಾಲ್ಕು ಸಂಜೆ ನಡೆದಿತ್ತು. “ಡಿವೋರ್ಸ್ ಸಿಕ್ತೋ ಇಲ್ವೋ ಅಷ್ಟು ಹೇಳು.” “ಅವರಲ್ಲಿ ಡಿವೋರ್ಸ್ ಇಲ್ಲಮ್ಮ. ಮದುವೆ ಆಗೇ ಇರಲಿಲ್ಲ ಅಂತ ತೀರ್ಪಾಯ್ತು.” ಅಮ್ಮ ಸ್ವಲ್ಪ ಯೋಚಿಸಿ, “ಅದು ಇನ್ನೂ ಒಳ್ಳೇದು,” ಎಂದಿದ್ದಳು. ಯಾವ ವಿಚಾರಸಂಕಿರಣದಲ್ಲೂ ಅವಳಿಗೆ ಅಂಥ ಕೇಳುಗರು ಸಿಕ್ಕಿರಲಿಲ್ಲ. ಬಸ್ಸು ನಿಲ್ದಾಣ ದಾಟಿ ಮುಂದೆ ಹೋದದ್ದು ಆಮೇಲೆ ಗೊತ್ತಾಗಿ, ಇಳಿದು, ಒಂದು ನಿಲ್ದಾಣದ ದೂರ ಹಿಂದಕ್ಕೆ ಬಿರಬಿರನೆ ನಡೆದಳು.

ಕಚೇರಿಯ ಮೊದಲ ಮಹಡಿಯ ಬೆಂಚಿನ ಮೇಲೆ ಮೂವರು ಕೂತಿದ್ದರು. ಹಳದಿ ಸೀರೆಯಲ್ಲಿ, ಮನೆಯಿಂದ ಮೊದಲೇ ಹೊರಟು ಬಂದಿದ್ದ ಅಮ್ಮ, ಇಸ್ತ್ರಿಯ ಗೆರೆ ಎದ್ದು ಕಾಣುವ ಬಿಳಿ ಅಂಗಿಯಲ್ಲಿ ಕನ್ನಡಕದವರು, ಅವರ ಪಕ್ಕ ಸಾಕ್ಷಿ ಹಾಕಲು ಬಂದ ಅವರ ತಂಗಿ, ದಪ್ಪನೆಯ ಖುಷಿಯ ಹೆಂಗಸು. “ಬನ್ನಿ ಬನ್ನಿ,” ಎಂದರು ತಂಗಿ, “ನಮ್ಮಣ್ಣನ ಮೇಲೆ ಆಕ್ಷೇಪಣೆ ಹಾಕೋಕೆ ನನ್ನ ಹತ್ರ ನಲವತ್ತು ಕಾರಣ ಇತ್ತು. ನೀವು ಮುಂದಾಗಿಬಿಟ್ರಿ.” “ಸುಮ್ನಿರೇ,” ಎಂದರು ಕನ್ನಡಕದವರು. ಆಮೇಲೆ ಇವಳ ಕಡೆ ತಿರುಗಿ ಮುಖವನ್ನೇ ನೋಡಿದರು. ಈಗ ಕೇಳುತ್ತಾರೆ ಎಂದುಕೊಂಡಳು. ಕೇಳಬೇಕಾದ ಪ್ರಶ್ನೆ ಇತ್ತು, ಕೇಳುವ ಹಕ್ಕೂ ಇತ್ತು. ಉತ್ತರ ಮಾತ್ರ ಬಸ್ಸಿನಲ್ಲಿ ಜೋಡಿಸಿಕೊಂಡಷ್ಟೂ ಬಿಚ್ಚಿಕೊಂಡಿತ್ತು. ಅವರು, “ನಿಮ್ಮ ಕನ್ನಡಕದ ಎಡಗಡೆ ಕಾಲು ಸಡಿಲಾಗಿದೆ, ಕೊಡಿ ಇಲ್ಲಿ,” ಎಂದರು. ಅಂಗಿಯ ಜೇಬಿನಿಂದ ಬೆಂಕಿಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ಬಂತು.

ಕನ್ನಡಕ ತೆಗೆದುಕೊಟ್ಟ ಮೇಲೆ ಅವಳಿಗೆ ಜಗತ್ತು ಬಣ್ಣಗಳಷ್ಟೇ ಆಗಿ ಉಳಿಯಿತು. ಬೆಂಚು ಕಂದು, ಗೋಡೆ ತಿಳಿಹಸಿರು. ಅಮ್ಮ ಇದ್ದ ಜಾಗದಲ್ಲಿ ಒಂದು ಹಳದಿ ಬೆಳಕು. ಸುಕ್ಕಿಲ್ಲ, ಬಿಳಿಗೂದಲಿಲ್ಲ, ಎಪ್ಪತ್ತಾರು ಎಂಬುದಕ್ಕೆ ಯಾವ ಗುರುತೂ ಇಲ್ಲ. ಆ ಹಳದಿ ಅಲುಗಿ, ಕನ್ನಡಕದವರ ಬಿಳಿಯ ಕಡೆಗೆ ಸ್ವಲ್ಪ ವಾಲಿ, ಏನೋ ಪಿಸುಗುಟ್ಟಿತು, ಬಿಳಿ ನಕ್ಕಿತು, ಹಳದಿಯೂ ನಕ್ಕಿತು. ಅಮ್ಮನ ಆ ನಗು ಅವಳಿಗೆ ಗೊತ್ತಿತ್ತು. ಏಳು ಜನ ಮರ್ಯಾದಸ್ತ ಹೆಂಗಸರ ಸಂಜೆಯ ನಗು. ತನ್ನ ಟಿಪ್ಪಣಿ ಪುಸ್ತಕ ಇಲ್ಲದೆಯೂ ಅದು ಬರುತ್ತದೆ ಎನ್ನುವುದು ತಿಳಿದು ಎದೆಯಲ್ಲಿ ಮೊದಲು ಒಂದು ಚುಚ್ಚು, ಅದರ ಹಿಂದೆಯೇ, ಅವಳು ನಿರೀಕ್ಷಿಸಿರದ ಹಾಗೆ, ಹಗುರ. ಇಷ್ಟು ವರ್ಷ ಆ ನಗುವನ್ನು ತಾನೊಬ್ಬಳೇ ಹೊರಬೇಕು ಎಂದುಕೊಂಡಿದ್ದಳೇನೋ. “ಹಾಕ್ಕೊಳ್ಳಿ,” ಎಂದರು ಕನ್ನಡಕದವರು. ಎಲ್ಲರಿಗೂ ಮತ್ತೆ ಅಂಚುಗಳು ಬಂದವು. ಗುಮಾಸ್ತ ಬಾಗಿಲಲ್ಲಿ ನಿಂತು ಕರೆದ.

ಅಧಿಕಾರಿ ಮೂವತ್ತೈದರ ಆಸುಪಾಸಿನ ಹೆಂಗಸು, ನೆಗಡಿಯಾಗಿ ಕರವಸ್ತ್ರ ಕೈಯಲ್ಲೇ ಇತ್ತು. ಮೇಜಿನ ಮೇಲೆ ಆ ನಾಲ್ಕು ಸಾಲಿನ ಪತ್ರ, ಮೇಲೆ ಕೆಂಪು ಮೊಹರು. ಮಗಳು ನೀಲಿ ಫೈಲು ತೆಗೆದು ಪ್ರಮಾಣಪತ್ರ ಮುಂದಿಟ್ಟಳು. ಅಧಿಕಾರಿ ಎರಡನ್ನೂ ಹೋಲಿಸಿ ನೋಡಿ ಅಮ್ಮನ ಕಡೆ ತಿರುಗಿದರು. “ಇಸವಿ ಹೇಗೆ ತಪ್ಪಾಯ್ತಮ್ಮ?”

ಅಮ್ಮ ಅವಸರ ಮಾಡಲಿಲ್ಲ. “ಕೊನೇ ಒಂದು ವರ್ಷ ಅವರಿಗೆ ನನ್ನ ಗುರುತು ಸಿಗ್ತಿರಲಿಲ್ಲ. ‘ನರ್ಸಮ್ಮ’ ಅಂತಿದ್ರು. ಮರ್ಯಾದೆಯಾಗೇ ಮಾತಾಡ್ತಿದ್ರು, ಪಾಪ. ನನಗೆ ಅವರು ಹೋಗಿದ್ದು ಆ ವರ್ಷವೇ. ಫಾರಂ ತುಂಬುವಾಗ ಕೈ ಅದನ್ನೇ ಬರೀತು.”

ಮಗಳು ನೆಲ ನೋಡಿದಳು. ನೂರಾರು ಸಾಕ್ಷಿಗಳ ಬಾಯಲ್ಲಿ ಇಂಥ ತಾರೀಖುಗಳನ್ನು ಓದಿ, ಇದು ತಪ್ಪಲ್ಲ, ಇವರ ಕಾಲಗಣನೆಯೇ ಹೀಗೆ ಎಂದು ಪಾಠ ಹೇಳಿದವಳು, ಹಲಗೆಯ ಮೇಲೆ ಅಮ್ಮ ಬರೆದ ಇಸವಿಯನ್ನು ಕಂಡು ತಪ್ಪು ಎಂದಷ್ಟೇ ಓದಿದ್ದಳು. ಆ ವರ್ಷ ತಾನು ಬೇರೆ ಊರಿನ ಪತ್ರಾಗಾರದಲ್ಲಿದ್ದೆ, ವಾರಕ್ಕೊಂದು ಫೋನು ಮಾಡುತ್ತಿದ್ದೆ, ಅಮ್ಮ ಪ್ರತಿ ಸಲ ‘ಅಪ್ಪ ಹಾಗೇ ಇದ್ದಾರೆ’ ಎನ್ನುತ್ತಿದ್ದಳು ಎಂಬುದೂ ಈಗ ಬೇರೆ ಅಕ್ಷರದಲ್ಲಿ ಓದಿಸಿಕೊಂಡಿತು.

“ಅದನ್ನ ಕಾಲಂನಲ್ಲಿ ಬರೆಯೋಕಾಗಲ್ಲಮ್ಮ, ಪ್ರಮಾಣಪತ್ರದ ಪ್ರಕಾರ ತಿದ್ದಿಸ್ತೀನಿ,” ಎಂದರು ಅಧಿಕಾರಿ, ದನಿ ಸ್ವಲ್ಪ ಇಳಿಸಿ. ಆಮೇಲೆ ಇವಳಿಗೆ: “ಈ ಪ್ರಮಾಣಪತ್ರ ಪತ್ರ ಬರೆಯೋವಾಗ ನಿಮ್ಮ ಹತ್ರ ಇತ್ತಾ?”

“ಇತ್ತು.”

“ಮತ್ತೆ ಯಾಕೆ ಲಗತ್ತಿಸಲಿಲ್ಲ? ಇದ್ದಿದ್ರೆ ನಾವೇ ತಿದ್ದಿ ಮುಗಿಸ್ತಿದ್ವಿ. ಇದು ತಿದ್ದುಪಡಿನಾ, ಆಕ್ಷೇಪಣೆನಾ, ನನಗೆ ಒಂದು ಬರ್ಕೋಬೇಕು.”

ತಿದ್ದುಪಡಿ ಎಂದರೆ ಮುಗಿಯುತ್ತಿತ್ತು. ಮರೆತೆ ಎಂದರೂ ಯಾರೂ ಕೆದಕುತ್ತಿರಲಿಲ್ಲ. ಪ್ರೊಫೆಸರರು ಮರೆಯುತ್ತಾರೆ ಎಂದು ಜಗತ್ತು ಒಪ್ಪಿಕೊಂಡಿದೆ. ಅವಳು ಆ ಉತ್ತರವನ್ನು ಬಾಯಿಯವರೆಗೂ ತಂದಳು. ಆದರೆ ಸುಳ್ಳು ಸಾಕ್ಷಿಗಳನ್ನು ಐನೂರು ವರ್ಷದ ಆಚೆಯಿಂದ ಅವರ ಒಂದೇ ಒಂದು ತಡವರಿಕೆಯಲ್ಲಿ ಹಿಡಿದವಳಿಗೆ ತನ್ನದು ಗೊತ್ತಾಗದೆ ಇರಲಿಲ್ಲ.

“ಆಕ್ಷೇಪಣೆನೇ,” ಎಂದಳು. “ಬರೆಯೋವಾಗ ನನಗೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಈಗ ವಾಪಸ್ ತಗೋತೀನಿ.”

“ಕಾರಣ?”

“ವಾಪಸ್ ತಗೊಳ್ಳೋಕಾ, ಹಾಕಿದ್ದಕ್ಕಾ?”

“ಎರಡಕ್ಕೂ ಕಾಲಂ ಇದೆ.”

ಕನ್ನಡಕದವರ ತಂಗಿ ಮೂಗಿನಲ್ಲೇ ಸಣ್ಣಗೆ ನಕ್ಕರು. ಅವಳು ಅಮ್ಮನ ಕಡೆ ನೋಡದೆ ಅಧಿಕಾರಿಯನ್ನೇ ನೋಡುತ್ತ ಹೇಳಿದಳು: “ಅಮ್ಮ ಹೋದ್ರೆ ನಾನು ಬರೆದಿದ್ದನ್ನ ಸಂಜೆ ಯಾರಿಗೆ ಓದಿ ಹೇಳ್ಲಿ ಅಂತ. ಅಷ್ಟೇ ಇದ್ದಿದ್ದು. ಐವತ್ತೈದು ವರ್ಷ ನನಗೆ.” ಕೊನೆಯ ಮಾತು ಯಾಕೆ ಸೇರಿಸಿದಳೋ.

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಅಧಿಕಾರಿಯ ಮುಖ ನೋಡಿದ. “ಇದನ್ನ ದಾಖಲಿಸಲಾ ಮೇಡಂ?”

“ದಾಖಲಿಸಿ,” ಎಂದಳು ಅವಳೇ. ಹಾಗೆನ್ನುವಾಗ ಎಂಥದೋ ಗೆಲುವು ಬಂತು. ಇನ್ನು ಐನೂರು ವರ್ಷಕ್ಕೆ ಯಾವಳೋ ಒಬ್ಬಳು ಪೆನ್ಸಿಲು ಹಿಡಿದು ಈ ಸಾಲಿನ ಮುಂದೆ ಕೂತರೆ, ಹನ್ನೊಂದು ಪುಟ ಹಿಂಡುವ ಕಷ್ಟವಾದರೂ ಅವಳಿಗೆ ತಪ್ಪಲಿ.

“ನನಗೆ ಗೊತ್ತಿತ್ತು ಬಿಡಿ,” ಎಂದಳು ಅಮ್ಮ ಅಧಿಕಾರಿಗೆ, ನೆರೆಮನೆಯವರಿಗೆ ಹೇಳುವ ಹಾಗೆ. “ಆ ಪ್ರಮಾಣಪತ್ರ ಅವಳ ಡ್ರಾಯರಲ್ಲಿ ಇಟ್ಟಿದ್ದು ನಾನೇ. ಕೇಳಿದ್ರೆ ಅವತ್ತೇ ಕೊಡ್ತಿದ್ಲು. ಕೇಳದೆ ತಗೊಂಡು ಬರ್ತಾಳಾ ನೋಡೋಣ ಅಂತ ಸುಮ್ನಿದ್ದೆ.”

“ತರದೇ ಇದ್ದಿದ್ರೆ?” ಇವಳಿಗೆ ಕೇಳದೆ ಇರಲಾಗಲಿಲ್ಲ.

“ಇನ್ನೂ ಮೂರು ವಾರ ಕಾಯ್ತಿದ್ದೆ. ಏನು, ವಯಸ್ಸು ಮೀರಿಹೋಗ್ತಿತ್ತಾ?” ಅಮ್ಮ ಅವಳ ತೊಡೆಯ ಮೇಲೆ ಒಂದು ಏಟು ಕೊಟ್ಟಳು, ಮೆಲ್ಲಗೇನೂ ಅಲ್ಲ. “ಓದಿ ಹೇಳೋಕೆ ಜನ ಇಲ್ವಂತೆ. ಎರಡು ಬೀದಿ ಆಚೆಗೆ ನಿನ್ನ ಕಾಲು ಬರಲ್ವಾ? ಇವರಂತೂ ಆ ಏಳು ಜನ ಹೆಂಗಸರ ಕತೆ ನಾನು ಹೇಳಿದ್ದು ಸಾಲಲ್ಲ, ಮೂಲ ಓದಿದವರ ಬಾಯಲ್ಲೇ ಕೇಳ್ಬೇಕು ಅಂತಿದಾರೆ.”

ಕನ್ನಡಕದವರು ಕಿವಿಯವರೆಗೂ ಕೆಂಪಾದರು. “ಅದನ್ನ ಇಲ್ಲಿ ಹೇಳೋ ಅಗತ್ಯ ಇರಲಿಲ್ಲ.” “ಯಾವ ಏಳು ಜನ?” ಎಂದರು ತಂಗಿ. ಅಧಿಕಾರಿ ಕರವಸ್ತ್ರದಲ್ಲಿ ಸೀನಿದರು, ಅಥವಾ ನಕ್ಕರು, ಆಮೇಲೆ ಗಂಟಲು ಸರಿಮಾಡಿಕೊಂಡು, ಆಕ್ಷೇಪಣೆ ಹಿಂಪಡೆಯಲಾಗಿದೆ, ನೋಂದಣಿ ಮುಂದುವರಿಸಬಹುದು ಎಂದು ಬರೆಸಿ, “ಎರಡನೇ ಸಾಕ್ಷಿ ಯಾರು?” ಎಂದರು.

“ಇವಳೇ,” ಎಂದಳು ಅಮ್ಮ.

“ಆಕ್ಷೇಪಣೆ ಹಾಕಿದವರೇ ಸಾಕ್ಷಿನಾ?”

ಗುಮಾಸ್ತ ನಿಯಮದ ಪುಸ್ತಕ ತೆರೆದು, ಬೆರಳಿಟ್ಟು, ಎರಡು ಪುಟ ತಿರುವಿದ. “ಆಗಬಾರದು ಅಂತ ಎಲ್ಲೂ ಇಲ್ಲ ಮೇಡಂ.”

ದೊಡ್ಡ ವಹಿ ಮೇಜಿನ ಮೇಲೆ ಬಿಚ್ಚಿಕೊಂಡಿತು. ಇಂಥ ಪುಟಗಳ ಮೇಲೆ ಬಗ್ಗಿ ಬಗ್ಗಿ ಬೆನ್ನು ಗೂನಾಗಿದ್ದರೂ ಇನ್ನೂ ಒಣಗದ ಶಾಯಿಯ ವಾಸನೆ ಅವಳಿಗೆ ಹೊಸದು. ಹೆಸರು, ವಯಸ್ಸು, ಉದ್ಯೋಗ, ವಿಳಾಸ. ವಧುವನ್ನು ಎಷ್ಟು ಕಾಲದಿಂದ ಬಲ್ಲಿರಿ? ಐವತ್ತೈದು ವರ್ಷದಿಂದ, ಎಂದಳು. ಸರಿಯಾಗಿ ಇವತ್ತಿನಿಂದ, ಎಂದು ಮನಸ್ಸಿನಲ್ಲೇ ಸೇರಿಸಿದಳು.

“ವಧುವಿಗೆ ನೀವು ಏನಾಗಬೇಕು?”

“ಮಗಳು.”

“ವರನಿಗೆ?”

ಗುಮಾಸ್ತನ ಪೆನ್ನು ಕಾಲಂನ ಮೇಲೆ ನಿಂತಿತ್ತು. ಅವಳು ಕನ್ನಡಕದವರನ್ನು ನೋಡಿದಳು. ಅವರು ಮೇಜಿನ ಅಂಚನ್ನು ನೋಡುತ್ತಿದ್ದರು.

“ಸದ್ಯಕ್ಕೆ ಏನೂ ಆಗಬೇಕಿಲ್ಲ,” ಎಂದಳು. “ಇನ್ನೈದು ನಿಮಿಷಕ್ಕೆ ಮಗಳು.”

“ಸದ್ಯದ್ದು ಹೇಳಿ ಮೇಡಂ. ಮುಂದೆ ಆಗೋದನ್ನ ಬರೆಯೋಕೆ ಬರಲ್ಲ.”

ಅವನು ಹೇಳುವುದು ಸರಿ. ದಾಖಲೆಯ ವಿಷಯದಲ್ಲಿ ಅವಳೂ ಅದನ್ನೇ ಹೇಳುತ್ತಿದ್ದಳು. “ಹಾಗಾದ್ರೆ ಅದೊಂದು ಖಾಲಿ ಬಿಡಿ. ಮೊದಲು ಅವರಿಬ್ಬರೂ ಸಹಿ ಹಾಕಲಿ.”

ಅಮ್ಮ ವಹಿಯನ್ನು ತನ್ನ ಕಡೆ ಎಳೆದುಕೊಂಡಳು. ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಕೊನೆಯ ಅಕ್ಷರಕ್ಕೆ ಬೇಕಾದ್ದಕ್ಕಿಂತ ಉದ್ದ ಬಾಲ ಕೊಟ್ಟು ಬರೆದಳು. ಕನ್ನಡಕದವರು ಪೆನ್ನು ತೆಗೆದುಕೊಂಡು, ತಮ್ಮ ಕನ್ನಡಕ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು, ಬರಿಗಣ್ಣಿನಲ್ಲೇ ಸಹಿ ಹಾಕಿದರು. ತಂಗಿ ತಮ್ಮ ಸಹಿಯ ಪಕ್ಕ ಒಂದು ಚುಕ್ಕಿ ಹೆಚ್ಚು ಇಟ್ಟರು. ಗುಮಾಸ್ತ ಶಾಯಿ ಹೀರುವ ಒತ್ತುಕಾಗದ ಒತ್ತಿ, ಎತ್ತಿ, ವಹಿಯನ್ನು ತನ್ನ ಕಡೆ ತಿರುಗಿಸಿಕೊಂಡು ಇವಳನ್ನು ನೋಡಿದ.

“ಈಗ ಹೇಳಿ,” ಎಂದ.

ಅವಳು ಹೇಳಿದಳು. ಅವನು ಬರೆದುಕೊಂಡ.